ಜೇನುಗುಡ್ಡ ಎಂಬ ಪೆಟ್ಟಿಗೆ

ಹೊಸಪೇಟೆಯ ಆ ಆಫೀಸನ್ನು ನೆನೆದರೆ ಈಗಲೂ ಮೊದಲು ಕೇಳಿಸುವುದು ಫ್ಯಾನುಗಳ ಗುಂಯ್ ಎನ್ನುವ ಸದ್ದು. ಸಂಡೂರಿನ ಗುಡ್ಡಗಳ ಸರ್ವೆ ನಕ್ಷೆಗಳನ್ನು ಸ್ಕ್ಯಾನ್ ಮಾಡಿ ಕಾಪಾಡುವುದು ನನ್ನ ಕೆಲಸ. ಹೊರಗೆ ಅದಿರು ಲಾರಿಗಳ ಸಾಲು ಮುಗಿಯುತ್ತಲೇ ಇರಲಿಲ್ಲ. ಒಳಗೆ, ಸದಾ ಮುಚ್ಚಿದ ಕಿಟಕಿಯ ಹಿಂದೆ, ಮಧ್ಯಾಹ್ನದ ಬೆಳಕಿಗೂ ಜೊಂಪು ಹತ್ತಿದಂತಿರುತ್ತಿತ್ತು. ನಾನು ಅರ್ಧ ಎಚ್ಚರದಲ್ಲೇ ಗುಡ್ಡಗಳ ಗೆರೆಗಳ ಮೇಲೆ ಅಲೆಯುತ್ತಿದ್ದೆ.

ನಕ್ಷೆಗಳಿದ್ದದ್ದು ನೆಟ್‌ವರ್ಕಿಗೆ ಸೇರಿಸಿದ ನಾಲ್ಕು ಸ್ಟೋರೇಜ್ ಪೆಟ್ಟಿಗೆಗಳಲ್ಲಿ. ಅವಕ್ಕೆ ಕಾರ್ಖಾನೆಯವರು ಕೊಟ್ಟ ಹೆಸರು ಮಾರುದ್ದ, ನಾಲಿಗೆಯಲ್ಲಿ ಹೊರಳುತ್ತಿರಲಿಲ್ಲ. ಅದನ್ನು ಅಳಿಸಿ ಒಂದೊಂದಕ್ಕೂ ಒಂದು ಗುಡ್ಡದ ಹೆಸರಿಟ್ಟಿದ್ದೆ. ಬೆಳಿಗ್ಗೆ ಸರ್ವರ್ ಎದ್ದೊಡನೆ ಯಾರ್ಯಾರು ಇದ್ದೀರಿ ಎಂದು ನೆಟ್‌ವರ್ಕಿನಲ್ಲಿ ಕೂಗುತ್ತದೆ; ಪೆಟ್ಟಿಗೆಗಳು ತಮ್ಮ ತಮ್ಮ ಹೆಸರು ಹೇಳುತ್ತವೆ. ಪೆಟ್ಟಿಗೆಯನ್ನು ಬೇರೆ ಕೋಣೆಗೆ ಒಯ್ದರೆ ಅದರ ವಿಳಾಸ ಬದಲಾದೀತು, ಹೆಸರು ಬದಲಾಗುವುದಿಲ್ಲ. ಹಾಗಾಗಿ ಸರ್ವರ್ ನಂಬುವುದು ಹೆಸರನ್ನೇ.

ಒಂದು ಬೇಸಿಗೆಯಲ್ಲಿ ಜೇನುಗುಡ್ಡ ಎಂಬ ಪೆಟ್ಟಿಗೆ ಕೆಂಪು ಧೂಳು ಕುಡಿದೂ ಕುಡಿದೂ ಆರಿಹೋಯಿತು. ಕುರೆಕುಪ್ಪದ ರಿಪೇರಿಯವನು ಹೊತ್ತೊಯ್ಯುವಾಗಲೇ ಆಸೆ ಬಿಟ್ಟುಬಿಡಿ ಎಂದ. ಹೊಸದೊಂದು ಬಂತು. ಎರಡಕ್ಕೆ ಒಂದೇ ಹೆಸರು ಕೂಡದು ಎಂದು ಅದರ ಪುಸ್ತಕದಲ್ಲಿ ಬರೆದಿತ್ತು. ಆದರೆ ಹಳೆಯದು ಹೋಯಿತಲ್ಲ, ನಮ್ಮ ಮನೆಗಳಲ್ಲಿ ತೀರಿಕೊಂಡ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದಿಲ್ಲವೇ? ಕಣ್ಣೊರೆಸಿಕೊಂಡು ನಾನೂ ಜೇನುಗುಡ್ಡ ಎಂದೇ ಇಟ್ಟೆ.

ತಿಂಗಳ ಮೇಲೆ ಹಳೆಯದು ರಿಪೇರಿಯಾಗಿಯೇ ಬಂದುಬಿಟ್ಟಿತು. ತಂತಿ ಸಿಕ್ಕಿಸಿದೆ, ದೀಪಗಳೆಲ್ಲ ಹಸಿರಾದವು. ಖುಷಿಯಲ್ಲಿ ಸರ್ವರಿನಿಂದ ಜೇನುಗುಡ್ಡವನ್ನು ತೆರೆದರೆ, ಖಾಲಿ. ಮತ್ತೆ ತೆರೆದೆ. ಖಾಲಿಯೇ. ಜೀವ ಬಂದರೂ ನೆನಪು ಬರಲಿಲ್ಲ ಅಂದುಕೊಂಡೆ. ಆ ರಿಪೇರಿಯವನನ್ನು ಫೋನಿನಲ್ಲಿ ಸುಮ್ಮಸುಮ್ಮನೆ ಬೈದೆ.

ನಿಜವಾದ ಜೇನುಗುಡ್ಡವನ್ನು, ಗಣಿ ಬರುವ ಮುಂಚೆ, ಕಾಲ್ನಡಿಗೆಯಲ್ಲಿ ಅಳೆದು ನಕ್ಷೆ ಬರೆದವರು ಮೆಟ್ರಿ ಎಂಬ ಊರಿನ ಒಬ್ಬ ನಿವೃತ್ತ ಸರ್ವೇಯರು. ಗುಡ್ಡ ಈಗ ಹೊಂಡವಾಗಿತ್ತು. ಅವರ ಹಾಳೆಗಳನ್ನು ಗೆದ್ದಲು ತಿಂದಿತ್ತು. ಉಳಿದದ್ದು ಆ ಪೆಟ್ಟಿಗೆಯೊಳಗಿನ ಒಂದೇ ಪ್ರತಿ. ಇನ್ನೊಂದು ಪ್ರತಿ ಮಾಡದ ಸೋಮಾರಿ ನಾನೇ. ಪೆಟ್ಟಿಗೆ ಬಂದ ಸುದ್ದಿ ತಿಳಿದು, ಮರುದಿನವೇ ಅವರು ಕಂಪ್ಲಿ ಬಸ್ಸಿನಲ್ಲಿ ಬಂದರು. ಮುಖ ನೋಡಲಾಗದೆ ಎಲ್ಲ ಹೇಳಿಬಿಟ್ಟೆ, ಹೊಸದಕ್ಕೆ ಹೆಸರಿಟ್ಟದ್ದನ್ನೂ ಬಿಡದೆ.

ಅವರು ಬೈಯಲಿಲ್ಲ. ಎದ್ದು ಹೋಗಿ ಎರಡೂ ಪೆಟ್ಟಿಗೆಗಳನ್ನು ಬಗ್ಗಿ ನೋಡಿದರು.

"ಬದುಕಿದ್ದವರ ಹೆಸರು ಇಡಬಾರ್ದವ್ವ," ಅಂದರು ಆಮೇಲೆ. "ಕರದಾಗ ಒಬ್ಬ ಓ ಅಂದುಬಿಟ್ರ, ಇನ್ನೊಬ್ಬ ಸುಮ್ನ ಕುಂದರ್ತಾನ."

ನನ್ನ ಜೊಂಪೆಲ್ಲ ಹಾರಿಹೋಯಿತು. ಸರ್ವರ್ ಕೂಗಿದಾಗ ಓ ಎನ್ನುತ್ತಿದ್ದದ್ದು ಹೊಸ ಪೆಟ್ಟಿಗೆ, ಇನ್ನೂ ಏನೂ ತುಂಬದ ಮೊಮ್ಮಗ. ಆ ಹೆಸರಿನದು ಆಗಲೇ ಸಿಕ್ಕಿತಲ್ಲ ಎಂದು ಸರ್ವರ್ ಅಜ್ಜನ ಕಡೆ ತಿರುಗಿಯೂ ನೋಡಿರಲಿಲ್ಲ. ಹೊಸದರ ಹೆಸರನ್ನು ಮೆಟ್ರಿ ಎಂದು ಬದಲಿಸಿ, ಮತ್ತೊಮ್ಮೆ ಹುಡುಕಲು ಹೇಳಿದೆ. ಪರದೆಯ ಮೇಲೆ ಐದು ಹೆಸರು ಬಂದವು. ಜೇನುಗುಡ್ಡ ತೆರೆದೆ. ಹಾಳೆಗಳು ಒಂದೊಂದಾಗಿ ಮೂಡಿದವು.

ನನಗೆ ಅಳು ಬಂತು, ಅತ್ತುಬಿಟ್ಟೆ. ಅವರು ಪರದೆಯ ಹತ್ತಿರ ಬಗ್ಗಿ, ಜೇನು ಕಟ್ಟುತ್ತಿದ್ದ ಬಂಡೆಯಿಂದ ನೀರಿನ ಝರಿಯವರೆಗೆ, ಗೆರೆಗಳ ಮೇಲೆ ಬೆರಳಾಡಿಸಿದರು. ಹತ್ತುವಾಗ ಎಲ್ಲಿ ಕೂತು ಬುತ್ತಿ ಬಿಚ್ಚುತ್ತಿದ್ದರೆಂದು ತೋರಿಸಿದರು. ಆಮೇಲೆ, ಜೇನುಗುಡ್ಡ ಎಲ್ಲಿದೆ ಎಂದು ಕೇಳಿದರೆ ಈ ಸರ್ವರ್ ಏನು ಹೇಳುತ್ತದೆ ಎಂದು ಕೇಳಿದರು. ನಮ್ಮ ಆಫೀಸಿನ ವಿಳಾಸವನ್ನೇ ಹೇಳುತ್ತದೆ, ಎರಡನೆಯ ಕಪಾಟಿನಲ್ಲಿದೆಯಲ್ಲ ಎಂದೆ.

ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿಕೊಂಡರು.

"ಖರೇನ ಹೇಳ್ತೈತಿ ಬಿಡವ್ವ," ಅಂದರು. "ಈಗ ಇಲ್ಲೇ ಐತಿ."