ಎಂತದರಿಂದ ಹೋಯಿತು?

ಪೊರ್ಬುಗಳ ಕತ್ತು ಯಾವಾಗಲೂ ತುಸು ಮೇಲಕ್ಕೆ ತಿರುಗಿರುತ್ತಿತ್ತು. ಯಾರ ಮನೆಯ ಜಗಲಿ ಹತ್ತಿದರೂ ಮೊದಲು ಹಂಚು, ಹಂಚು ಹೊರುವ ಪಕ್ಕಾಸುಗಳ ಕ್ಷೇಮಸಮಾಚಾರ, ಆಮೇಲೆ ಮನೆಯವರದು. ಬೋಳಾರದಲ್ಲಿ ಅವರು ನಮ್ಮ ನೆರೆಯವರು, ಮನೆವಿಮೆಯ ಏಜೆಂಟರು. ಕೊಂಕಣಿ ಕ್ರೈಸ್ತರಾದ ಅವರನ್ನು ತುಳುವರ ರೂಢಿಯಂತೆ ಗೌರವದಿಂದ ಪೊರ್ಬುಗಳು ಎನ್ನುತ್ತಿದ್ದೆವು.

ಎಪ್ಪತ್ತರ ದಶಕದ ಕೊನೆಗೆ ನಾನು ಸೊಸೆಯಾಗಿ ಬಂದಾಗ, ಮನೆಗೂ ವಿಮೆ ಇದೆಯೆಂಬುದೇ ನನಗೆ ಸೋಜಿಗ. ಪ್ರಶ್ನೆ ಕೇಳಿ ಕೇಳಿ ಅವರ ತಲೆ ತಿಂದೆ. ಒಲೆಯ ಕಿಡಿಯಿಂದ ಅಡುಗೆಮನೆ ಸುಟ್ಟರೆ? ಸಿಗುತ್ತದೆ. ಗೆದ್ದಲು ತಿಂದರೆ? ಇಲ್ಲ. ಹಂಚು ಹಳತಾಗಿ ಸೋರಿದರೆ? ಇಲ್ಲ. ಗಾಳಿಗೆ ಹಾರಿದರೆ? ಗಾಳಿಯನ್ನೂ ಸೇರಿಸಿಕೊಂಡಿದ್ದರೆ ಸಿಗುತ್ತದೆ. ಅದೇ ಹಂಚು, ಒಮ್ಮೆ ಸಿಗುವುದು ಒಮ್ಮೆ ಸಿಗದಿರುವುದು ಯಾವ ನ್ಯಾಯ ಎಂದಾಗ ನಕ್ಕರು.

“ಎಂತ ಹೋಯಿತು ಅಂತ ಎಲ್ಲರೂ ಹೇಳ್ತಾರೆ ಮಗಾ. ಎಂತದರಿಂದ ಹೋಯಿತು, ಅದು ಮುಖ್ಯ.”

ಬೇಡವೇ ಬೇಡ ಎನ್ನುತ್ತಿದ್ದ ಮಾವನನ್ನು ಒಪ್ಪಿಸಿ, ಗಾಳಿಯನ್ನೂ ಸೇರಿಸಿ ವಿಮೆ ಮಾಡಿಸಿದವಳು ನಾನೇ. ಮರುವರ್ಷ ಮಳೆಗಾಲದ ನಡುವೆ, ಆಟಿ ತಿಂಗಳ ಬಿರುಗಾಳಿಗೆ ತೆಂಗಿನಮರ ಬುಡಸಮೇತ ಮಗುಚಿ ಅಡುಗೆಮನೆಯ ಮಾಡಿನ ಮೇಲೆ ಬಿತ್ತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ನಮ್ಮ ಅತ್ತೆಗೋ, ಮುರಿದದ್ದು ಕಣ್ಣೆದುರಿಗಿದ್ದರೆ ಊಟ ಸೇರದು. ಹಾನಿ ನೋಡಲು ಕಂಪೆನಿಯ ಸರ್ವೇಯರ್ ಬರುವಷ್ಟರಲ್ಲಿ ಮರ ತುಂಡಾಗಿ ಕೊಟ್ಟಿಗೆ ಸೇರಿತ್ತು, ಮಾಡಿಗೆ ಹೊಸ ಹಂಚು ಬಂದಿತ್ತು, ಅತ್ತೆ ಗುಡಿಸಿದ ಅಂಗಳ ಕನ್ನಡಿಯಂತಿತ್ತು. ಹಾನಿ ಎಲ್ಲಿದೆ, ಮರವನ್ನು ನೀವೇ ಕಡಿಸುವಾಗ ಬಿದ್ದಿರಬಹುದಲ್ಲ ಎಂದು ಆತ ಕೇಳಿದ. ಮಾವ ನನ್ನ ಮುಖ ನೋಡಿದರು. ನಾಚಿಕೆಯಿಂದ ಕುಗ್ಗಿಹೋದೆ. ಇನ್ನು ಈ ಮನೆಯಲ್ಲಿ ನನ್ನ ಮಾತಿಗೆ ಬೆಲೆಯಿಲ್ಲ ಅನ್ನಿಸಿತು.

ಅಂದು ಸರ್ವೇಯರನ ಜೊತೆ ಬಂದಿದ್ದ ಪೊರ್ಬುಗಳು ಮೊದಲ ಬಾರಿಗೆ ಕತ್ತು ತಗ್ಗಿಸಿದರು. ನೆಲ ನೋಡುತ್ತ ಅಂಗಳ ಸುತ್ತಿದರು. ಮಲ್ಲಿಗೆ ಗಿಡದ ಸುತ್ತ ಅತ್ತೆ ಬದುವಿನಂತೆ ಸಾಲಾಗಿ ಊರಿದ್ದ ಒಡೆದ ಹಂಚುಗಳನ್ನು ತೋರಿಸಿದರು. ಆಮೇಲೆ ಸರ್ವೇಯರನನ್ನು ಹಿತ್ತಿಲಿಗೆ ಕರೆದೊಯ್ದರು. ಆಳುಗಳಿಗೆ ಎತ್ತಲಾಗದ ತೆಂಗಿನ ಬುಡ, ಬೇರುಗಳ ಸಮೇತ ಗುಂಡಿಯ ಪಕ್ಕದಲ್ಲೇ ಬಿದ್ದಿತ್ತು.

“ಮರ ಕಡಿಸುವವ ಬೇರು ಕೀಳುದಿಲ್ಲ ಸರ್. ಇದು ಗಾಳಿಯ ಕೆಲಸ.”

ವಿಮೆ ಸಿಕ್ಕಿತು. ಅಂದಿನಿಂದ ಮನೆಯ ವಿಚಾರ ಏನೇ ಇದ್ದರೂ ಮಾವ ನನ್ನನ್ನು ಒಂದು ಮಾತು ಕೇಳದೆ ಮುಂದುವರಿಯುತ್ತಿರಲಿಲ್ಲ. ಆ ಋಣ ಪೊರ್ಬುಗಳದು.

ಕೆಲವು ವರ್ಷಗಳ ನಂತರ ಒಂದು ಬೆಳಿಗ್ಗೆ, ಪೊರ್ಬುಗಳು ಹೋಗಿಬಿಟ್ಟರಂತೆ ಎಂದು ಅತ್ತೆ ಬೇಲಿಯ ಬಳಿಯಿಂದ ಸುದ್ದಿ ತಂದರು. ಅವರು ಕಲಿಸಿದ್ದೇ ನನ್ನ ಬಾಯಿಗೆ ಬಂತು. ಎಂತದರಿಂದ ಎಂದು ಕೇಳಿದೆ.

“ಕೇಳಿ ಎಂತ ಮಾಡುದು? ಹಂಚಾದರೆ ಹೊಸತು ಹೊದಿಸಬಹುದಿತ್ತು,” ಎಂದರು ಅತ್ತೆ.

ಆ ದಿನ ಅವರು ಅಂಗಳ ಗುಡಿಸಲಿಲ್ಲ.