ಅಕ್ಕನ ಫೋನೂ ನನ್ನ ‘ಏನಿಲ್ಲ’ವೂ

ನಮ್ಮ ಮನೆಯಲ್ಲಿ ‘ಏನಿಲ್ಲ’ ಅನ್ನುವುದಕ್ಕೆ ಒಂದು ಸನ್ನೆಯಿದೆ. ಬಲಗೈಯನ್ನು ಎದೆಯ ಮಟ್ಟಕ್ಕೆ ತಂದು, ನೊಣ ಓಡಿಸುವ ಹಾಗೆ ಒಮ್ಮೆ ಆಡಿಸಿದರೆ ಮುಗಿಯಿತು. ಅಕ್ಕನಿಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸುವುದಿಲ್ಲ. ಅವಳಿಗಿಂತ ನಾಲ್ಕು ವರ್ಷ ಚಿಕ್ಕವಳಾದ ನಾನು, ಮಾತು ಕಲಿತ ದಿನದಿಂದ ಅವಳ ಕಿವಿಯೂ ಹೌದು, ಬಾಯಿಯೂ ಹೌದು. ಮನೆಮಂದಿಯೆಲ್ಲ ಹತ್ತು ನಿಮಿಷ ಬಿದ್ದು ಬಿದ್ದು ನಕ್ಕಾಗ ಅವಳು ‘ಏನಂತೆ?’ ಎಂದು ಅಂಗೈ ತಿರುಗಿಸಿದರೆ ನಾನು ನೊಣ ಓಡಿಸುತ್ತಿದ್ದೆ. ಅಷ್ಟನ್ನೂ ಕೈಯಲ್ಲಿ ಹೇಳುವಷ್ಟು ತಾಳ್ಮೆ ನನಗೆ ಯಾವತ್ತೂ ಇರಲಿಲ್ಲ. ಸಿಡುಕಿ ಎಂದು ಹೆಸರಾದವಳು ನಾನು.

ಸೋಮಾರಿತನದ ‘ಏನಿಲ್ಲ’ಗಳು ಸಾವಿರ ಇದ್ದಾವು. ಒಂದು ಸುಳ್ಳು ಮಾತ್ರ ಸೋಮಾರಿತನದ್ದಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಅಕ್ಕನನ್ನು ನೋಡಲು ಒಂದು ಗಂಡು ಬಂದಿತ್ತು. ಆತನಿಗೂ ಕಿವಿ ಕೇಳಿಸುತ್ತಿರಲಿಲ್ಲ. ಕಾಫಿ ಕುಡಿದು ಅವರ ಕಡೆಯವರು ನಮಗೆ ಒಪ್ಪಿಗೆ ಎಂದರು. ಅಮ್ಮ ಒಳಗೆ ಬಂದು, ಇಬ್ಬರೂ ಹೀಗೇ ಆದರೆ ಹುಟ್ಟುವ ಮಗುವಿನ ಗತಿಯೇನು ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಹೊರಗೆ ಹೋಗಿ, ಹುಡುಗಿಗೆ ಮನಸ್ಸಿಲ್ಲ ಎಂದು ಅವರನ್ನು ಕಳಿಸಿದಳು. ಅಕ್ಕ ಅಡುಗೆಮನೆ ಬಾಗಿಲಲ್ಲಿ ನಿಂತು ‘ಏನಂತೆ?’ ಎಂದಳು. ಅವರಿಗೆ ನೀನು ಹಿಡಿಸಲಿಲ್ಲವಂತೆ ಎಂದು ನನ್ನ ಕೈ ಹೇಳಿತು. ಹಾಗೆ ಹೇಳು ಎಂದವಳು ಅಮ್ಮ, ಹೇಳಿದವಳು ನಾನು. ಆಮೇಲೆ ಅಕ್ಕ ಯಾವ ಗಂಡಿನ ಮುಂದೆಯೂ ಹೋಗಿ ನಿಲ್ಲಲಿಲ್ಲ. ಅಮ್ಮ ಈಗ ಇಲ್ಲ. ಕೃಷ್ಣಮೂರ್ತಿಪುರಂನ ನಮ್ಮ ಮನೆಯಲ್ಲಿ ನಾನು, ನನ್ನ ಗಂಡ, ಅಕ್ಕ ಮೂವರೇ.

ಇದು ಗೊತ್ತಿರುವ ಇನ್ನೊಬ್ಬರು ನನ್ನ ಚಿಕ್ಕಮ್ಮ. ಊರಿಂದ ಬಂದಾಗಲೆಲ್ಲ ಊಟಕ್ಕೆ ಕೂತು, ಅಕ್ಕನನ್ನು ನೋಡಿ ನಿಟ್ಟುಸಿರು ಬಿಟ್ಟು, “ಒಪ್ಕಂಡು ಬಂದಿದ್ರು ಪಾಪ. ನಾವೇ ಕೈಯಾರ ಕಳಿಸ್ಬುಟ್ವಿ ಕಣವ್ವ” ಎನ್ನುತ್ತಾರೆ. ಅಕ್ಕನ ಎದುರಿಗೇ ಹೇಳುತ್ತಾರೆ. ಬಾಯಲ್ಲಿ ಸದಾ ಎಲೆಅಡಿಕೆ ಇರುವುದರಿಂದ ಅವರ ತುಟಿ ಓದುವುದು ಅಕ್ಕನಿಗೆ ಆಗದ ಮಾತು. ಅವಳು ನನ್ನ ಕಡೆ ತಿರುಗುತ್ತಾಳೆ. ನಾನು ನೊಣ ಓಡಿಸುತ್ತೇನೆ.

ಅಕ್ಕ ಹೂಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತಾಳೆ. ಕಿವಿ ಕೇಳಿಸದ ನಾಲ್ಕೈದು ಜನ ಗೆಳತಿಯರಿದ್ದಾರೆ ಅಲ್ಲಿ. ಇಷ್ಟು ವರ್ಷವೂ ನಾನು ಬಳಸಿ ಬಿಟ್ಟ ಫೋನೇ ಅವಳಿಗೆ. ಸಿಮ್ಮೂ ನನ್ನ ಹೆಸರಿನದೇ. ಕಳೆದ ತಿಂಗಳು ಅವಳು ಕ್ಯಾಲೆಂಡರ್ ಹಾಳೆ ಹರಿದು, ಅದರ ಹಿಂಭಾಗದಲ್ಲಿ ತನಗೆ ಎಂಥ ಫೋನು ಬೇಕು ಎಂದು ಬರೆದು ನನ್ನ ಮುಂದಿಟ್ಟಳು. ಮುಂದಿನ ಕ್ಯಾಮೆರಾದಲ್ಲಿ ಎರಡು ಕೈಯೂ ಪೂರ್ತಿ ಕಾಣಬೇಕು. ಕರೆ ಬಂದು ನಡುಗಿದರೆ ದಿಂಬಿನ ಕೆಳಗಿದ್ದರೂ ಎಚ್ಚರ ಆಗಬೇಕು. ಕಾರ್ಖಾನೆ ಕ್ಯಾಂಟೀನಿನಲ್ಲಿ ಯಾರ ಸಿಮ್‌ಗೆ ವೀಡಿಯೊ ನಿಂತು ನಿಂತು ಬರುತ್ತದೆ, ಯಾರದಕ್ಕೆ ಸಲೀಸಾಗಿ ಬರುತ್ತದೆ ಎಂದು ಗೆಳತಿಯರ ಫೋನು ಹಿಡಿದು ತಾನೇ ನೋಡಿ, ಒಂದು ಕಂಪನಿಯ ಹೆಸರಿಗೆ ಸುತ್ತು ಹಾಕಿದ್ದಳು. ಆ ಕಂಪನಿಯವರೇ ಫೋನನ್ನೂ ಕೊಡುತ್ತಾರಂತೆ, ಪ್ಲಾನಿನ ಜೊತೆ ಸೇರಿಸಿ. ಸಿಮ್ ತನ್ನ ಹೆಸರಲ್ಲೇ ಇರಬೇಕು ಎಂದು ಕೊನೆಗೆ ಬರೆದು ಎರಡು ಗೀಟು ಎಳೆದಿದ್ದಳು. ಆ ಗೀಟು ನನಗೆ ಚುಚ್ಚಿತು, ಸುಳ್ಳು ಹೇಳಲಾರೆ.

ಶನಿವಾರ ಮೊದಲ ಪಾಳಿ ಮುಗಿಸಿ ಬಂದವಳನ್ನು ಮಂಡಿ ಮೊಹಲ್ಲಾದಲ್ಲಿರುವ ಆ ಕಂಪನಿಯ ಅಂಗಡಿಗೆ ಕರೆದುಕೊಂಡು ಹೋದೆ. ಮಾರನೇ ದಿನ ಚಿಕ್ಕಮ್ಮ ಬರುವವರಿದ್ದರು. ಬೇಗ ಮುಗಿಸಿ, ಅವರಿಗೆಂದು ಅವರೆಕಾಯಿ ತಗೊಂಡು ಮನೆ ಸೇರೋಣ ಎಂದಿದ್ದೆ.

ಕೌಂಟರಿನಲ್ಲಿದ್ದ ಹೆಂಗಸು ಮೂವತ್ತರ ಆಸುಪಾಸಿನವಳು, ಮಾತಿನಲ್ಲಿ ಚುರುಕು. “ಈ ಪ್ಲಾನ್ ತಗೊಳ್ಳಿ ಮೇಡಂ, ಕಾಲ್ ಎಲ್ಲಾ ಅನ್‌ಲಿಮಿಟೆಡ್” ಎಂದಳು. ನಾನು ಕೈಯಲ್ಲಿ ದಾಟಿಸಿದೆ. ಅಕ್ಕ, ಮಾತು ಬೇಡ, ಅದರ ದುಡ್ಡು ಕಳೆದು ಡೇಟಾ ಮಾತ್ರ ಕೊಡಲಿ ಎಂದಳು. “ಅಂಗೆ ಬರಲ್ಲ ಕಣ್ರೀ, ಎಲ್ಲಾ ಸೇರೇ ಬರೋದು” ಎಂದು ಅವಳು ಕೈಚೆಲ್ಲಿದಳು. ಕಿವುಡಿಗೆ ದಿನವಿಡೀ ಮಾತಾಡುವ ಭಾಗ್ಯ ಕರುಣಿಸಿದ್ದಾರೆ ನೋಡು ಎಂದು ಅಕ್ಕ ತನ್ನನ್ನೇ ಹಾಸ್ಯ ಮಾಡಿಕೊಂಡಳು. ಇಬ್ಬರೂ ನಕ್ಕೆವು. ಆ ದಿನ ನಾವಿಬ್ಬರೂ ಕೂಡಿ ನಕ್ಕದ್ದು ಅದೊಂದೇ ಸಲ.

ಯಾಕೆಂದರೆ ಆ ಹೆಂಗಸು ಅಕ್ಕನ ಕೈಗಳನ್ನು ಸ್ವಲ್ಪ ಹೊತ್ತು ನೋಡಿ, ಒಳಗಿಂದ ಇನ್ನೊಂದು ಫೋನು ತಂದಳು. “ಇವರಿಗೆ ಕನ್ನಡ ಓದೋಕೆ ಬರುತ್ತಾ?”

ಬರುತ್ತದೆ. ಅಕ್ಕ ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವವಳು.

“ಹಂಗಾದ್ರೆ ಇದನ್ನ ನೋಡಿ. ನಾವು ಮಾತಾಡಿದ್ದು ಇದ್ರಲ್ಲಿ ಅಕ್ಷರವಾಗಿ ಬರುತ್ತೆ.” ಫೋನನ್ನು ಕೌಂಟರಿನ ಮೇಲೆ ಒರಗಿಸಿ ಏನೋ ಒತ್ತಿದಳು. ಆಮೇಲೆ ಅವಳು ಆಡಿದ ಮಾತು ದಪ್ಪ ಅಕ್ಷರದಲ್ಲಿ ಮೂಡಿತು. ಅಕ್ಕ ಬಗ್ಗಿದಳು. ಬೀದಿಯಿಂದ ಯಾರೋ ಕೂಗಿದ್ದೂ ಅದಕ್ಕೆ ಕೇಳಿಸಿರಬೇಕು. ‘ಬೆಳ್ಳುಳ್ಳಿ ಬೆಳ್ಳುಳ್ಳಿ’ ಎಂದು ಬರೆಯಿತು. ಅಕ್ಕ ತಟ್ಟನೆ ತಿರುಗಿ ಬಾಗಿಲಾಚೆ ನೋಡಿದಳು. ತಳ್ಳುಗಾಡಿ ಹೋಗುತ್ತಿತ್ತು. ಅವಳ ಮುಖ ಅರಳಿದ್ದನ್ನು ನಾನು ಅಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ. ಗಾಡಿಯವರು ಹೀಗೆ ಕೂಗುತ್ತಾ ಹೋಗುತ್ತಾರಾ, ನೀನು ಹೇಳೇ ಇರಲಿಲ್ಲವಲ್ಲ ಎಂದಳು.

ನಾಳೆಯ ಊಟ ಕಣ್ಣಮುಂದೆ ಬಂತು. ಚಿಕ್ಕಮ್ಮ, ಅವರ ನಿಟ್ಟುಸಿರು, ಸಾರಿನ ಪಾತ್ರೆಗೆ ಒರಗಿಸಿಟ್ಟ ಈ ಫೋನು.

ಚಿಕ್ಕ ಫೋನೊಂದನ್ನು ಕೈಗೆತ್ತಿಕೊಂಡು, ಇದೇ ಸಾಕು, ಬ್ಯಾಟರಿ ಚೆನ್ನಾಗಿದೆಯಂತೆ ಎಂದು ಅಕ್ಕನಿಗೆ ಹೇಳಿದೆ. ಅವಳು ಬೇಡವೆಂದು ತಲೆ ಆಡಿಸಿದಳು. ಅಂಗಡಿಯವಳು, “ಅದ್ರಲ್ಲೂ ಅಕ್ಷರ ಬರುತ್ತೆ ಮೇಡಂ, ಆದ್ರೆ ಮೈಕ್ ಸುಮಾರು, ದೂರದವರ ಮಾತು ಹಿಡಿಯಲ್ಲ. ಇವರಿಗೆ ಇದೇ ಸರಿ” ಎಂದಳು. ನನಗೆ ರೇಗಿತು. ಇವರಿಗೆ ಯಾವುದು ಸರಿ ಎಂದು ಹೇಳಲು ಇವಳ್ಯಾರು? ಅಕ್ಕನಿಗೆ ತುಟಿ ಕಾಣದ ಹಾಗೆ ಮುಖ ತಿರುಗಿಸಿ, ದನಿ ತಗ್ಗಿಸಿ ಹೇಳಿದೆ.

“ಅದೆಲ್ಲಾ ಬೇಡ ಕಣಮ್ಮ. ಎಲ್ಲಾ ತಿಳ್ಕೊಂಡು ಅವಳಿಗೆ ಏನಾಗ್ಬೇಕು? ಗೊತ್ತಿಲ್ದೇ ಇರೋದಕ್ಕೇ ನೆಮ್ಮದಿಯಾಗಿದಾಳೆ.”

ಅಂಗಡಿಯವಳ ಕಣ್ಣು ನನ್ನನ್ನು ದಾಟಿ ಕೌಂಟರಿನ ಕಡೆ ಹೋಯಿತು. ಅಕ್ಕ ನನ್ನ ಭುಜ ತಟ್ಟಿ, ‘ಏನು ಹೇಳಿದೆ?’ ಎಂದು ಅಂಗೈ ತಿರುಗಿಸಿದಳು. ನನ್ನ ಕೈ ತಾನಾಗಿ ಎದೆಯ ಮಟ್ಟಕ್ಕೆ ಬಂದು ನೊಣ ಓಡಿಸಿತು. ಅಕ್ಕ ಆ ಕೈಯನ್ನೇ ನೋಡಿದಳು. ಆಮೇಲೆ ಫೋನಿನ ಕಡೆ ಬೆರಳು ತೋರಿಸಿದಳು.

‘ಎಲ್ಲಾ ತಿಳ್ಕೊಂಡು ಅವಳಿಗೆ ಏನಾಗಬೇಕು ಗೊತ್ತಿಲ್ಲದೇ ಇರೋದಕ್ಕೆ ನೆಮ್ಮದಿಯಾಗಿದ್ದಾಳೆ.’

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನನ್ನದು ಹೋಗಿರಲಿಲ್ಲ. ದಪ್ಪ ಅಕ್ಷರದಲ್ಲಿ ಅಲ್ಲೇ ನಿಂತಿತ್ತು. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅಕ್ಕ ಜಗಳ ಮಾಡಲಿಲ್ಲ. ದೊಡ್ಡ ಫೋನಿನ ಮೇಲೆ ಅಂಗೈ ಇಟ್ಟು, ಅಂಗಡಿಯವಳಿಗೆ ನೇರವಾಗಿ ತಲೆಯಾಡಿಸಿದಳು. ಅಲ್ಲಿಂದ ಮುಂದಕ್ಕೆ ಅವರಿಬ್ಬರೂ ಆ ಫೋನನ್ನು ಮಧ್ಯೆ ಇಟ್ಟುಕೊಂಡೇ ವ್ಯವಹಾರ ಮುಗಿಸಿದರು. ಒಬ್ಬಳು ಮಾತಾಡುವುದು, ಇನ್ನೊಬ್ಬಳು ಬೆರಳಲ್ಲಿ ಬರೆಯುವುದು. ಅರ್ಜಿಯಲ್ಲಿ ಇನ್ನೊಂದು ಫೋನ್ ನಂಬರ್ ಬರೆಯುವ ಜಾಗಕ್ಕೆ ಅಕ್ಕ ಕಾರ್ಖಾನೆಯ ಗೆಳತಿಯದನ್ನು ಬರೆದಳು. ನಾನು ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಚೀಲ ಹಿಡಿದು ಕೂತಿದ್ದೆ.

ಆಟೋದಲ್ಲಿ ಅವಳ ಕೈಗಳು ಮಡಿಲಲ್ಲೇ ಇದ್ದವು. ಅವರೆಕಾಯಿ ತರುವುದನ್ನು ಮರೆತೆ.

ಸಂಜೆ ಅವಳು ಫೋನನ್ನು ಉಪ್ಪಿನಕಾಯಿ ಜಾಡಿಗೆ ಒರಗಿಸಿ ನಮ್ಮ ಜೊತೆ ತಿಂಡಿಗೆ ಕೂತಳು. ನನ್ನ ಗಂಡನಿಗೆ ನಾನು ಹೇಳಿದ ಆ ಸುಳ್ಳು ಗೊತ್ತಿಲ್ಲ. “ಇನ್ಮೇಲೆ ಈ ಮನೇಲಿ ಬಾಯಿ ಬಿಗಿ ಹಿಡ್ಕೊಂಡಿರ್ಬೇಕು” ಎಂದರು. ಅದೂ ಅಕ್ಷರವಾಯಿತು. ಅಕ್ಕ ಓದಿ ಜೋರಾಗಿ ನಕ್ಕು ಅವರ ಬೆನ್ನಿಗೆ ಗುದ್ದಿದಳು. ನನ್ನ ಕಡೆ ನೋಡಲಿಲ್ಲ. ಚಿಕ್ಕಮ್ಮನಿಗೆ ಫೋನು ಮಾಡಿ ಬರಬೇಡಿ ಎಂದುಬಿಡಲೇ ಎಂದು ಎರಡು ಸಲ ಎದ್ದು ಹಿತ್ತಿಲಿಗೆ ಹೋದೆ. ಎಷ್ಟು ಭಾನುವಾರ ಹಾಗೆ ತಡೆಯಲಾದೀತು?

ಬೆಳಿಗ್ಗೆ ಗಂಡ ಮಾಂಸ ತರಲು ಹೋಗಿದ್ದರು. ಚಿಕ್ಕಮ್ಮನ ಕರೆ ಬಂತು. “ಬಸ್‌ಸ್ಟ್ಯಾಂಡಲ್ಲಿ ಇಳಿದೆ ಕಣವ್ವ, ಆಟೋ ಹತ್ತೀನಿ.” ಅಂದರೆ ಹೆಚ್ಚೆಂದರೆ ಹದಿನೈದು ನಿಮಿಷ. ಅಕ್ಕ ಮೇಜಿನ ಮುಂದೆ ಕೂತು ಈರುಳ್ಳಿ ಹೆಚ್ಚುತ್ತಿದ್ದಳು. ಹೋಗಿ ಎದುರಿಗೆ ಕೂತೆ. ಕೈಯಿಂದ ಹೇಳಿದ ಸುಳ್ಳು, ನಿಜವನ್ನೂ ಕೈಯಿಂದಲೇ ಹೇಳೋಣ ಎಂದರೆ ಕೈ ಎದೆಯ ಮಟ್ಟಕ್ಕೆ ಬಂದು ಅಲ್ಲೇ ನಿಂತಿತು. ಅದಕ್ಕೆ ಗೊತ್ತಿದ್ದ ದಾರಿ ಒಂದೇ. ಫೋನನ್ನು ಅವಳ ಕಡೆ ತಿರುಗಿಸಿ, ಅಂಗಡಿಯವಳು ಒತ್ತಿದ್ದನ್ನೇ ಒತ್ತಿ, ಮಾತಾಡಿದೆ.

ಆವತ್ತು ಬಂದ ಗಂಡಿನ ಕಡೆಯವರು ನಿನ್ನನ್ನು ಬೇಡ ಅನ್ನಲಿಲ್ಲ ಎಂದೆ. ಅವರು ಒಪ್ಪಿದ್ದರು ಎಂದೆ. ಫೋನು ‘ಅವರು ತಪ್ಪಿದ್ದರು’ ಎಂದು ಬರೆಯಿತು. ಅಕ್ಕ ಅರ್ಥವಾಗದೆ ನನ್ನ ಮುಖ ನೋಡಿದಳು. ಬೇರೆ ದಾರಿಯಿರಲಿಲ್ಲ, ಇನ್ನೊಮ್ಮೆ ಬಿಡಿಸಿ ಹೇಳಿದೆ. ಒಪ್ಪಿದ್ದರು. ನಾವು ಬೇಡ ಅಂದೆವು. ನಿನಗೆ ಸುಳ್ಳು ಹೇಳಿದವಳು ನಾನು.

ಅವಳು ಓದಿದಳು. ಬೆರಳಿಂದ ಮೇಲಕ್ಕೆ ಸರಿಸಿ ಮತ್ತೆ ಮೊದಲಿಂದ ಓದಿದಳು. ಈರುಳ್ಳಿಯ ಕಣ್ಣೀರು ಆಗಲೇ ಇತ್ತು, ಅದು ಯಾವುದರದ್ದು ಎಂದು ನನಗೆ ತಿಳಿಯಲಿಲ್ಲ. ಹೊಡೆದರೆ ಹೊಡೆಯಲಿ, ಎದ್ದು ಹೋದರೆ ಹೋಗಲಿ ಎಂದು ಕೂತಿದ್ದೆ. ಅವಳು ಚಾಕುವನ್ನು ಪಕ್ಕಕ್ಕೆ ಸರಿಸಿ, ಹಣೆಯ ಮೇಲೆ ಬೆರಳಿಂದ ಅಡ್ಡ ಗೀಟು ಎಳೆದು ಅಂಗೈ ತಿರುಗಿಸಿದಳು. ನಮ್ಮ ಮನೆಯ ಸನ್ನೆಯಲ್ಲಿ ಅದು, ಹೆಸರೇನು?

ಅವನ ಹೆಸರೇನು?

ಇಪ್ಪತ್ತೆರಡು ವರ್ಷದಲ್ಲಿ ಅವಳಿಗೆ ಅದನ್ನೂ ಯಾರೂ ಹೇಳಿರಲಿಲ್ಲ. ನನಗೆ ನೆನಪಿರಲಿಲ್ಲ. ಎಷ್ಟು ಕೆದಕಿದರೂ ಅವನು ಉಟ್ಟಿದ್ದ ಬಿಳಿ ಪಂಚೆ ನೆನಪಾಯಿತೇ ಹೊರತು ಹೆಸರು ಬರಲಿಲ್ಲ. ಗೊತ್ತಿಲ್ಲ ಎಂದೆ. ನಾಚಿಕೆಯಾಯಿತು.

ಗೇಟಿನ ಸದ್ದಾಯಿತು. ಚಿಕ್ಕಮ್ಮ ಏದುಸಿರು ಬಿಡುತ್ತಾ ಒಳಗೆ ಬಂದು, ಚೀಲ ಇಳಿಸಿ, ಅಕ್ಕನ ಗಲ್ಲ ಸವರಿದರು. ಅಕ್ಕ ಫೋನಿನಲ್ಲಿ ಏನೋ ಬರೆದು ಅವರ ಮುಖದ ಮುಂದೆ ಹಿಡಿದಳು. ಚಿಕ್ಕಮ್ಮ ಅಭ್ಯಾಸದಂತೆ ನನ್ನ ಕಡೆ ತಿರುಗಿದರು.

“ಏನಂತವ್ವ ಇವಳದು?”

“ನಿಮ್ಮನ್ನೇ ಕೇಳ್ತಿದಾಳೆ, ಓದಿ ಚಿಕ್ಕಮ್ಮ” ಎಂದು ಎದ್ದು ಒಲೆಯ ಹತ್ತಿರ ಹೋದೆ.

ಅವರು ಕನ್ನಡಕ ಹುಡುಕಿ ಹಾಕಿಕೊಂಡರು. ಓದಿದರು. ತುಂಬಾ ಹೊತ್ತು ನನ್ನ ಬೆನ್ನನ್ನೇ ನೋಡುತ್ತಿದ್ದರು ಎಂದು ಕಾಣುತ್ತದೆ. ನಾನು ತಿರುಗಲಿಲ್ಲ. ಎಲೆಅಡಿಕೆ ಉಗಿದು ಬಂದು, ಬಾಯಿ ತೊಳೆದು, ಫೋನಿಗೆ ಕೇಳಿಸುವಂತೆ ಆ ಹೆಸರು ಹೇಳಿದರು.

ಅಕ್ಕನಿಗೆ ದನಿಯಿದೆ. ಚಿಕ್ಕವಳಿದ್ದಾಗ ಶಾಲೆಯಲ್ಲಿ ಮಾತು ಕಲಿಸಿದ್ದರು. ಬೀದಿಯ ಮಕ್ಕಳು ನಕ್ಕಿದ್ದಕ್ಕೆ ಬಾಯಿ ಮುಚ್ಚಿದವಳು ಮತ್ತೆ ತೆರೆದಿರಲಿಲ್ಲ. ಈಗ ನನ್ನ ಹಿಂದೆ ಆ ದನಿ ಎದ್ದಿತು, ಒರಟಾಗಿ, ತಡವರಿಸುತ್ತಾ. ಮೂರು ಅಕ್ಷರದ ಹೆಸರು. ತಿರುಗಿ ನೋಡಿದೆ. ಫೋನು ಅವಳ ದನಿಯನ್ನು ಮಾತೆಂದೇ ತಿಳಿಯಲಿಲ್ಲ, ಅದರ ಮೇಲೆ ಒಂದಕ್ಷರವೂ ಮೂಡಲಿಲ್ಲ. ಅವಳು ಇನ್ನೊಮ್ಮೆ ಹೇಳಿ, ಸರಿಯಾಗಿ ಹೇಳಿದೆನಾ ಎಂದು ನನ್ನನ್ನು ನೋಡಿದಳು.

ಸರಿಯಾಗಿ ಹೇಳಿದೆ ಎಂದು ಕೈಯಲ್ಲಿ ಹೇಳಿದೆ. ಅದು ನಿಜವಾಗಿತ್ತು.