ಮೂಲೆಯ ಕಲ್ಲಿನ ಕೊನೆಯ ಸಾಲು

ದೆವ್ವ, ಪ್ರೇತ ಇತ್ಯಾದಿಗಳ ಸುದ್ದಿ ಬಂದಾಗ ನಗುತ್ತಿದ್ದವರ ಪೈಕಿ ನಾನೂ ಒಬ್ಬ. ಊರಿಗೆ ಹೋದಾಗ ದೈವಕ್ಕೆ ಕೈಮುಗಿಯುತ್ತೇನೆ, ಅದು ಬೇರೆ ಮಾತು. ಅಲ್ಲಿ ನಗುವ ಧೈರ್ಯ ಯಾರಿಗಿದೆ? ಆದರೆ ಬದುಕಿದವರಿಗೇ ನಿಲ್ಲಲು ಜಾಗವಿಲ್ಲದ ಈ ಮುಂಬಯಿಯಲ್ಲಿ ಸತ್ತವರು ಎಲ್ಲಿ ನಿಂತಾರು ಎಂದು ಗೆಳೆಯರನ್ನು ಛೇಡಿಸುತ್ತಿದ್ದೆ. ಈಗ ಛೇಡಿಸುವುದನ್ನು ಬಿಟ್ಟಿದ್ದೇನೆ. ನಂಬಿಕೆ ಬಂತೆಂದಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಏನೆನ್ನುತ್ತೀರೋ ನೀವೇ ನೋಡಿ.

ಸಾಂತಾಕ್ರೂಜ್‌ನಲ್ಲಿ ನಮ್ಮದೊಂದು ಚಿಕ್ಕ ಉಡುಪಿ ಹೋಟೆಲು. ತಂದೆಯ ನಂತರ ಗಲ್ಲಾದಲ್ಲಿ ನಾನು ಕೂತೆ. ದಿನವಿಡೀ ಸಾಂಬಾರು ತಣ್ಣಗಿದೆ ಎಂಬ ದೂರು ಕೇಳುವ ಮನುಷ್ಯನಿಗೆ ಒಂದು ಹುಚ್ಚಾದರೂ ಬೇಕಲ್ಲ? ನನ್ನದು ಯುದ್ಧ ಸ್ಮಾರಕಗಳ ಹುಚ್ಚು. ಹಳೆಯ ಪಲ್ಟನ್ನುಗಳು ತಮ್ಮ ಸತ್ತ ಸಿಪಾಯಿಗಳ ಹೆಸರು ಕೆತ್ತಿಸಿ ನಿಲ್ಲಿಸಿದ ಕಲ್ಲುಗಳು ಈ ಊರಿನಲ್ಲಿ ಎಲ್ಲೆಲ್ಲೋ ಇವೆ. ಒಂದೆರಡು ವೃತ್ತದ ನಡುವೆ ಠೀವಿಯಿಂದ ನಿಂತಿವೆ. ಹೆಚ್ಚಿನವು ಇಗರ್ಜಿಯ ಗೋಡೆಯಲ್ಲಿ, ಶಾಲೆಯ ಹಿಂಬದಿಯಲ್ಲಿ, ಸ್ಕೂಟರ್ ನಿಲ್ಲಿಸುವ ಜಾಗದಲ್ಲಿ ಯಾರಿಗೂ ಬೇಡವಾಗಿ ಉಳಿದಿವೆ. ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಗಲ್ಲಾವನ್ನು ತಮ್ಮನಿಗೆ ಒಪ್ಪಿಸಿ, ಕ್ಯಾಮೆರಾ ಹೆಗಲಿಗೇರಿಸಿ, ಲೋಕಲ್ ಹಿಡಿದು ಅವನ್ನು ಹುಡುಕುತ್ತ ಹೋಗುತ್ತಿದ್ದೆ. ಹೆಂಡತಿ ಇದಕ್ಕೆ ಕಲ್ಲಿನ ಹುಚ್ಚು ಎಂದು ಹೆಸರಿಟ್ಟಿದ್ದಳು. ತೆಗೆದ ಫೋಟೊಗಳಿಗೆ ಚೌಕಟ್ಟು ಹಾಕಿಸಿ ಹೋಟೆಲಿನ ಗೋಡೆಗೆ ನೇತುಹಾಕಿದಾಗ ಗಿರಾಕಿಗಳು ನಕ್ಕದ್ದೂ ಉಂಟು.

ಸವೆದ ಕಲ್ಲಿನ ಫೋಟೊ ತೆಗೆಯಲು ಒಂದು ಉಪಾಯವಿದೆ. ನೇರ ಬೆಳಕಿನಲ್ಲಿ ಅಂಥ ಅಕ್ಷರ ಕಾಣುವುದೇ ಇಲ್ಲ. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಕನ್ನಡಿಯಿಂದ ಬಿಸಿಲನ್ನು ಪಕ್ಕದಿಂದ ಓರೆಯಾಗಿ ಕಲ್ಲಿನ ಮೇಲೆ ಹಾಯಿಸಬೇಕು. ಬಲದಿಂದ ಬೆಳಕು ಬಿಟ್ಟರೆ ಕೆತ್ತಿದ ಅಕ್ಷರದ ಬಲ ಅಂಚು ಕಪ್ಪಾಗುತ್ತದೆ, ಎಡದಿಂದ ಬಿಟ್ಟರೆ ಎಡ ಅಂಚು. ಆ ಕಪ್ಪಿನಿಂದಲೇ ಹೆಸರು ಎದ್ದು ಬರುತ್ತದೆ.

ಹೋಟೆಲಿನಲ್ಲಿ ತರಕಾರಿ ಹೆಚ್ಚುವ ರೇಣವ್ವ ಒಂದು ದಿನ ಆ ಫೋಟೊಗಳ ಎದುರು ಬಹಳ ಹೊತ್ತು ನಿಂತಿದ್ದಳು. ವಿಜಯಪುರ ಕಡೆಯವಳು, ಧಾರಾವಿಯಲ್ಲಿ ಮನೆ. ಇವು ಏನೆಂದು ಕೇಳಿದಳು, ಹೇಳಿದೆ. "ಸೇಟ್ರ, ನಮ್ಮತ್ತಿಯ ಅಪ್ಪನೂ ಪಲ್ಟಣಕ್ಕ ಹ್ವಾದಾವ ಹೊಳ್ಳಿ ಬಂದಿಲ್ಲರಿ. ಇಂಥಾ ಕಲ್ಲಿನ ಮ್ಯಾಲ ಅವನ ಹೆಸರ ಇದ್ದೀತೇನ್ರಿ?" ಎಂದಳು.

ಅವಳ ಅತ್ತೆ ಶಾಂತವ್ವನನ್ನು ನೋಡಲು ಧಾರಾವಿಗೆ ಹೋದೆ. ಎಂಬತ್ತು ದಾಟಿದ ಮುದುಕಿ. ಎರಡೂ ಕಣ್ಣು ಮಂಜು, ಮಾತು ಮಾತ್ರ ಚುರುಕು. ಎರಡನೆಯ ಮಹಾಯುದ್ಧದಲ್ಲಿ ಅಪ್ಪ ಯಲ್ಲಪ್ಪ ಪಲ್ಟನ್ನಿನಲ್ಲಿ ಬ್ಯೂಗಲ್ ಊದುವವನಾಗಿದ್ದ. ಹೊರಟಾಗ ಈಕೆ ತಾಯಿಯ ಹೊಟ್ಟೆಯಲ್ಲಿದ್ದಳು. ಕಾಣೆಯಾಗಿದ್ದಾನೆ ಎಂಬ ಸುದ್ದಿಯಷ್ಟೇ ಬಂತು, ಮುಂದೆ ಏನೂ ಇಲ್ಲ. ತಾಯಿ ಹಣೆಯ ಕುಂಕುಮದೊಂದಿಗೇ ತೀರಿಕೊಂಡಳು.

ಅವರ ಮನೆತನದಲ್ಲಿ ಒಂದು ಪದ್ಧತಿ. ಮಹಾನವಮಿ ಅಮಾವಾಸ್ಯೆಯ ದಿನ, ಅಂದರೆ ಮಹಾಲಯಕ್ಕೆ, ಹಿರಿಯರಿಗೆ ಒಳಗೆ ಎಡೆ ಇಡುತ್ತಾರೆ. ಸತ್ತನೋ ಇದ್ದಾನೋ ತಿಳಿಯದವನನ್ನು ಹಿರಿಯರ ಸಾಲಿನಲ್ಲಿ ಕೂರಿಸುವಂತಿಲ್ಲ. ಬದುಕಿದ್ದರೆ ಅವನಿಗೆ ಕೇಡು. ಹಾಗೆಂದು ಉಪವಾಸ ಕೆಡವುವಂತೆಯೂ ಇಲ್ಲ. ಅವನ ಎಡೆ ಹೊಸ್ತಿಲ ಹೊರಗೆ. ತವರಿನಲ್ಲಿ ಬೇರೆ ಯಾರೂ ಇಲ್ಲದ್ದರಿಂದ ಶಾಂತವ್ವನೇ ಪ್ರತಿವರ್ಷ ಧಾರಾವಿಯ ಗಲ್ಲಿಯಲ್ಲಿ, ಬಾಗಿಲ ಪಕ್ಕ, ಅಪ್ಪನಿಗೆ ಎಡೆ ಇಡುತ್ತಿದ್ದಳು. ಜನ ದಾಟಿಕೊಂಡು ಹೋಗುತ್ತಿದ್ದರು, ಸೈಕಲ್‌ಗಳು ತಾಗುತ್ತಿದ್ದವು.

"ನಾ ಇರೂತನ ಹೊರಗರ ಒಂದು ಎಡಿ ಇಡತೀನಿ," ಎಂದಳು ಮುದುಕಿ. "ನಾ ಹ್ವಾದಮ್ಯಾಲ ಅವಂಗ ಉಣ್ಣಾಕ ಯಾರ ಇಡ್ತಾರ ತಮ್ಮಾ? ಅವನ್ನ ಒಳಗ ಕೂಡ್ರಿಸಿ ಹೋಗಬೇಕ ನಾ."

ಅಮಾವಾಸ್ಯೆ ಹತ್ತಿರದಲ್ಲೇ ಇತ್ತು.

ಮುದುಕಿ ಹೆಸರು ಹೇಳಿದ ಆ ಪಲ್ಟನ್ನಿನ ಕಲ್ಲು ದಕ್ಷಿಣ ಮುಂಬಯಿಯ ಒಂದು ಹಳೆಯ ಕಟ್ಟಡದ ಹಿಂದೆ ಇದೆಯೆಂದು ಕೇಳಿದ್ದೆ. ಮರುದಿನವೇ ಹೋದೆ. ಕಾವಲುಗಾರ ತಕರಾರಿಲ್ಲದೆ ಒಳಗೆ ಬಿಟ್ಟು ಗೇಟಿನಲ್ಲೇ ಉಳಿದ. ಅಂಗಳದ ಮೂಲೆಯಲ್ಲಿ, ಎರಡು ಗೋಡೆ ಕೂಡುವಲ್ಲಿ, ಮಾಲಾಡಿನ ಹಳದಿ ಕಲ್ಲಿನ ದೊಡ್ಡ ಹಲಗೆ. ಅದರ ಎಡ ಅಂಚಿಗೆ ಅಂಟಿಕೊಂಡೇ ಇನ್ನೊಂದು ಗೋಡೆ ಎದ್ದಿತ್ತು. ಬೆಳಕು ಹಾಯಿಸಲು ಬಲಗಡೆ ಮಾತ್ರ ಜಾಗ. ಉಪ್ಪುಗಾಳಿಗೆ ಕಲ್ಲು ಬಹಳ ಸವೆದಿತ್ತು. ಕನ್ನಡಿ ಹಿಡಿದು ಮೇಲಿನಿಂದ ಒಂದೊಂದೇ ಹೆಸರು ಓದಿದೆ. ಎಲ್ಲವೂ ಇಂಗ್ಲಿಷಿನಲ್ಲಿ, ಹುದ್ದೆಯ ಸಮೇತ. ಯಲ್ಲಪ್ಪ ಇರಲಿಲ್ಲ. ಕೆಳಗೆ, ಎಡ ಮೂಲೆಯಲ್ಲಿ, ಒಂದು ಸಾಲಿನಷ್ಟು ಜಾಗ ನುಣುಪಾಗಿತ್ತು. ಅಲ್ಲಿ ಏನಾದರೂ ಇತ್ತೋ, ಮೊದಲಿನಿಂದಲೇ ಖಾಲಿಯೋ ಹೇಳುವಂತಿರಲಿಲ್ಲ. ಇರಲಿ ಎಂದು ಒಂದಷ್ಟು ಫೋಟೊ ತೆಗೆದೆ. ಅಂಗಳದಲ್ಲಿ ನನ್ನ ಹೊರತು ಯಾರೂ ಇರಲಿಲ್ಲ. ಕಾಗೆ ಕೂಡ ಇರಲಿಲ್ಲ ಎಂಬುದು ಲೋಕಲ್ ಹತ್ತಿದ ಮೇಲೆ ನೆನಪಾಯಿತು.

ಸಂಜೆ ಫೋಟೊಗಳನ್ನು ಕಂಪ್ಯೂಟರಿಗೆ ಹಾಕಿ ನೋಡುತ್ತಿದ್ದೆ. ಮೊದಲಿನವೆಲ್ಲ ಸರಿಯಾಗಿದ್ದವು. ಕೊನೆಯದರಲ್ಲಿ ಮಾತ್ರ ಆ ನುಣುಪು ಜಾಗದಲ್ಲಿ ಒಂದು ಸಾಲು. ಬ್ಯೂಗಲ್‌ನವನ ಹುದ್ದೆ, ಮುಂದೆ ಯಲ್ಲಪ್ಪ ಎಂಬ ಹೆಸರು, ನಿನ್ನೆ ಕೆತ್ತಿದಷ್ಟು ಸ್ಪಷ್ಟ. ಮೊದಲು ಸಂತೋಷವಾಯಿತು, ನಿಜ. ಆಮೇಲೆ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಅದೇ ಫೋಟೊದ ಉಳಿದ ಹೆಸರುಗಳಲ್ಲಿ ಅಕ್ಷರಗಳ ಬಲ ಅಂಚು ಕಪ್ಪಾಗಿತ್ತು. ಕನ್ನಡಿ ಇದ್ದದ್ದು ಬಲಕ್ಕೆ. ಈ ಒಂದು ಸಾಲಿನಲ್ಲಿ ಮಾತ್ರ ಎಡ ಅಂಚು ಕಪ್ಪು. ಗೋಡೆಯಿದ್ದ ಕಡೆಯಿಂದ ಯಾರೋ ಬೆಳಕು ಹಿಡಿದ ಹಾಗಿತ್ತು.

ಬೆಳಗ್ಗೆ ಮತ್ತೆ ಓಡಿದೆ. ಕನ್ನಡಿ, ಟಾರ್ಚು, ಒದ್ದೆ ಬಟ್ಟೆ, ಬೆರಳು ಎಲ್ಲ ಪ್ರಯೋಗಿಸಿದೆ. ಕಲ್ಲು ನುಣುಪಾಗಿಯೇ ಇತ್ತು. ಎಡಗಡೆಯ ಗೋಡೆಯನ್ನು ತಟ್ಟಿಯೂ ನೋಡಿದೆ, ಗಟ್ಟಿ ಗೋಡೆ. ಯಾರಾದರೂ ನೋಡಿದ್ದರೆ ಈ ಮನುಷ್ಯನಿಗೆ ಮರುಳು ಹಿಡಿದಿದೆ ಎನ್ನುತ್ತಿದ್ದರು.

ಈಗ ಪೇಚಿಗೆ ಸಿಕ್ಕಿಕೊಂಡೆ. ಫೋಟೊ ತೋರಿಸಿದರೆ ಒಬ್ಬ ಮನುಷ್ಯ ಸತ್ತನೆಂದು ನಾನೇ ಸಾಕ್ಷಿ ಹೇಳಿದಂತೆ. ನನಗೇ ನಂಬಿಕೆಯಿಲ್ಲದ ಸಾಕ್ಷಿ. ಬಚ್ಚಿಟ್ಟರೆ ಆ ಮುದುಕಿಯ ಕಾಲ ಎಷ್ಟು ಉಳಿದಿದೆಯೋ ಯಾರಿಗೆ ಗೊತ್ತು? ಕೊನೆಗೆ ಧಾರಾವಿಗೆ ಹೋಗಿ ಇದ್ದದ್ದನ್ನೆಲ್ಲ ಬಿಚ್ಚಿ ಹೇಳಿದೆ: ಫೋಟೊದಲ್ಲಿ ಹೆಸರಿದೆ, ಕಲ್ಲಿನಲ್ಲಿಲ್ಲ, ನಾನು ಖಾತ್ರಿ ಕೊಡಲಾರೆ ಎಂದು. ಹೆಸರು ಕಲ್ಲಿನ ಯಾವ ಕಡೆ ಬಂದಿದೆ ಎಂಬುದನ್ನು ಮಾತ್ರ ಹೇಳಲಿಲ್ಲ. ಮುದುಕಿಗೆ ಅಚ್ಚರಿಯಾದಂತೆ ಕಾಣಲಿಲ್ಲ. ಫೋಟೊ ತನಗೆ ಹೇಗೂ ಕಾಣದು, ಕಲ್ಲಿನ ಹತ್ತಿರ ಕರೆದುಕೊಂಡು ಹೋಗು ಎಂದಳು.

ಅಮಾವಾಸ್ಯೆಯ ಹಿಂದಿನ ದಿನ ಟ್ಯಾಕ್ಸಿ ಮಾಡಿ ಅತ್ತೆ, ಸೊಸೆ ಇಬ್ಬರನ್ನೂ ಕರೆದೊಯ್ದೆ. ಬಿಸಿಲು ಇನ್ನೂ ಆ ಮೂಲೆಗೆ ಬಂದಿರಲಿಲ್ಲ. ಶಾಂತವ್ವ ಚಪ್ಪಲಿ ಕಳಚಿ ಕಲ್ಲಿನ ಮುಂದೆ ನಿಂತಳು. ಒಂದು ಮಾತು ಇಲ್ಲಿ ಹೇಳಬೇಕು: ಆಕೆ ಶಾಲೆಯ ಮುಖ ಕಂಡವಳಲ್ಲ, ಕನ್ನಡದ ಒಂದಕ್ಷರವೂ ಬಾರದು, ಇಂಗ್ಲಿಷಂತೂ ದೂರದ ಮಾತು. ಅಂಗೈಯನ್ನು ಮೇಲಿನಿಂದ ಕೆಳಗೆ ಇಳಿಸುತ್ತ ಬಂದಳು. ಹೆಸರುಗಳ ಮೇಲೆ ಎಲ್ಲೂ ತಡೆಯಲಿಲ್ಲ. ಹಾಗೆಯೇ ನೆಲಕ್ಕೆ ಕೂತು, ಎಡ ಮೂಲೆಗೆ ಸರಿದು, ಆ ನುಣುಪು ಜಾಗದಲ್ಲಿ ಕೈ ನಿಲ್ಲಿಸಿದಳು.

ಆಮೇಲೆ ತೋರುಬೆರಳೊಂದೇ ಓಡತೊಡಗಿತು. ಮೊದಲು ಹುದ್ದೆಯ ಅಷ್ಟೂ ಅಕ್ಷರಗಳು. ಬಳಿಕ ಬೆರಳು ಎಡದಿಂದ ಇಳಿಯಿತು, ಬಲದಿಂದ ಇಳಿಯಿತು, ನಡುವೆ ಕೂಡಿ ನೇರ ಕೆಳಗೆ ಬಂತು. ಮುಂದೆ ಗುಡಿಸಲಿನ ಮಾಡಿನಂತೆ ಏರಿ ಇಳಿದು ನಡುವೆ ಒಂದು ಅಡ್ಡಗೆರೆ ಎಳೆಯಿತು. ಆಮೇಲೆ ಕೆಳಗಿಳಿದು ಬಲಕ್ಕೆ ತಿರುಗಿತು, ಇನ್ನೊಮ್ಮೆ ಕೆಳಗಿಳಿದು ಬಲಕ್ಕೆ ತಿರುಗಿತು. ಫೋಟೊವನ್ನು ಅಷ್ಟು ಸಲ ನೋಡಿದ್ದ ನನಗೆ ಅದು ಏನೆಂದು ತಿಳಿಯದೆ ಇರುತ್ತದೆಯೇ? ಯಲ್ಲಪ್ಪ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಆಕೆ ಕೊನೆಯ ಅಕ್ಷರದವರೆಗೂ ತಿದ್ದಿದಳು. ರೇಣವ್ವ ಮಾತ್ರ ಏನೂ ತಿಳಿಯದೆ, ಇಲ್ಲಿ ಬರೀ ಕಲ್ಲೇ ಐತಲ್ಲ ಎಂದು ನನ್ನ ಮುಖ ನೋಡುತ್ತಿದ್ದಳು.

"ಬೆಚ್ಚಗ ಐತಿ," ಎಂದಳು ಶಾಂತವ್ವ. ಇಷ್ಟೇ. ಸೆರಗಿನಿಂದ ಆ ಜಾಗ ಒರೆಸಿ ಎದ್ದಳು. ಅವರು ಗೇಟಿನ ಕಡೆ ಹೋದ ಮೇಲೆ ನಾನು ಬಗ್ಗಿ ಮುಟ್ಟಿದೆ. ಕಲ್ಲು ತಣ್ಣಗೆ, ನುಣ್ಣಗೆ ಇತ್ತು.

ಅಮಾವಾಸ್ಯೆಯ ಊಟಕ್ಕೆ ನನ್ನನ್ನು ಕರೆದಿದ್ದರು. ಹೋಳಿಗೆ, ಕಡುಬು, ಕಟ್ಟಿನ ಸಾರು. ಒಳಗೆ ಹಿರಿಯರ ಸಾಲಿನಲ್ಲಿ ಹೊಸದಾಗಿ ಒಂದು ಎಡೆ ಸೇರಿತ್ತು. ಆದರೂ ರೇಣವ್ವ ರೂಢಿಯಂತೆ ಇನ್ನೊಂದು ಎಲೆ ಬಡಿಸಿಕೊಂಡು ಬಾಗಿಲ ಕಡೆ ನಡೆದಳು. ಮುದುಕಿ ತಲೆಯೆತ್ತದೆಯೇ, "ಒಳಗ ತಗೊಂಬಾ ಅದನ್ನ. ಹೊರಗ ಈಗ ಯಾರೂ ಇಲ್ಲ," ಎಂದಳು.

ಆ ಚಳಿಗಾಲದಲ್ಲೇ ಶಾಂತವ್ವ ತೀರಿಕೊಂಡಳು. ಫೋಟೊ ನನ್ನ ಬಳಿ ಇದೆ. ತಿಳಿದವರಿಗೆ ತೋರಿಸಿದ್ದೇನೆ. ಒಬ್ಬರು ಕ್ಯಾಮೆರಾದ ದೋಷ ಎಂದರು, ಇನ್ನೊಬ್ಬರು ನಾನೇ ಏನೋ ಕಿತಾಪತಿ ಮಾಡಿದ್ದೇನೆಂದು ನಕ್ಕರು. ಅವರ ಮೇಲೆ ಸಿಟ್ಟಿಲ್ಲ. ಕ್ಯಾಮೆರಾ ಕೆಟ್ಟಿತ್ತೆಂದು ಒಪ್ಪಲು ನಾನೂ ತಯಾರಿದ್ದೇನೆ. ಆದರೆ ಅಕ್ಷರ ಬಾರದ, ಕಣ್ಣು ಕಾಣದ ಆ ಹೆಂಗಸಿನ ಬೆರಳು ಅಂದು ಯಾವುದರ ಮೇಲೆ ಓಡಿತು ಎಂಬುದು ನನಗೆ ಈ ಹೊತ್ತಿಗೂ ಗೊತ್ತಿಲ್ಲ.